ಆಂಬುಲೆನ್ಸ್ ಬರುವ ತನಕ

ಹೊರನಾಡಿನ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದ ಕೆಲಸಗಳ ಪಟ್ಟಿಯಲ್ಲಿ ಪರದೆ ಎಳೆಯುವವರಿಗೂ ಹೆಸರಿದೆ. ವೈದ್ಯಕೀಯ ತುರ್ತಿನ ಎದುರು ಮಾತ್ರ ‘ಆಂಬುಲೆನ್ಸ್‌ಗೆ ಫೋನ್ ಮಾಡುವುದು’ ಎಂದಷ್ಟೇ ಇದೆ. ಸಾಲದು. ಹೃದಯ ನಿಂತವರಿಗೆ ಎದೆ ಒತ್ತದೆ, ವಿದ್ಯುತ್ ಶಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಮೊದಲ ಐದು ನಿಮಿಷ ಸಭಾಂಗಣದಲ್ಲಿ ಇರುವವರದ್ದೇ ಹೊಣೆ.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಪಂದ್ಯದ ನಡುವೆ ಕುಸಿದ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಉಳಿದದ್ದು ಮೈದಾನದಲ್ಲೇ ಎದೆ ಒತ್ತಿ ಶಾಕ್ ಕೊಟ್ಟಿದ್ದರಿಂದ. ಸಹ ಆಟಗಾರರು ಸುತ್ತ ಮರೆಯಾಗಿ ನಿಂತಿದ್ದರು. ಮೊಬೈಲ್ ಹಿಡಿದು ಮುಗಿಬೀಳುವವರನ್ನು ತಡೆಯಲು ನಮಗೂ ನಾಲ್ಕು ಜನ ಬೇಕು.

ಶಾಕ್ ಕೊಡುವ ಎಇಡಿ ಪೆಟ್ಟಿಗೆ ಎಷ್ಟೋ ಕಡೆ ಸಭಾಂಗಣದ ಆಫೀಸಿನಲ್ಲಿರುತ್ತದೆ, ರಜಾದಿನ ಆಫೀಸಿಗೆ ಬೀಗ! ಬೆಳಿಗ್ಗೆಯೇ ಹೊರಗೆ ತರಿಸಿ, ಯಾವ ಮೂಲೆಯಿಂದ ಓಡಿದರೂ ಮೂರು ನಿಮಿಷದೊಳಗೆ ಹೋಗಿ ತರುವಂಥ ಕಡೆ ಇಡಬೇಕು. ಎದೆಗೆ ಅಂಟಿಸುವ ಅದರ ಪ್ಯಾಡ್‌ಗಳ ಅವಧಿ ನೋಡಬೇಕು; ಹಳತಾದರೆ ಜೆಲ್ ಒಣಗಿ ಮೈಗೆ ಅಂಟುವುದಿಲ್ಲ. ಪಕ್ಕದಲ್ಲಿ ಬಟ್ಟೆ ಕತ್ತರಿಸಲು ಕತ್ತರಿ, ಎದೆಯ ಕೂದಲು ತೆಗೆಯಲು ರೇಜರ್, ಒಣ ಟವೆಲ್ ಇರಲಿ. ಬೆವರಿದ ಎದೆಯನ್ನು ಒರೆಸಿಯೇ ಪ್ಯಾಡ್ ಹಚ್ಚಬೇಕು.

ಬಿದ್ದವರು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯಂತೆ ಉಸಿರೆಳೆಯಬಹುದು. ‘ಉಸಿರಾಡ್ತಿದ್ದಾರೆ ಬಿಡಿ’ ಅಂತ ಸುಮ್ಮನಾಗುವುದು ಇಲ್ಲೇ. ಅದು ಉಸಿರಾಟವಲ್ಲ. ಕರೆದರೆ ಓಗೊಡದಿದ್ದರೆ, ಉಸಿರು ಸಹಜವಾಗಿಲ್ಲದಿದ್ದರೆ ಎದೆಯ ನಡುವೆ ಒತ್ತಲು ಶುರುಮಾಡಿ: ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಗಲಿ. ದಣಿದ ಕೈ ಆಳಕ್ಕೆ ಇಳಿಯುವುದಿಲ್ಲ, ಒತ್ತುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಇನ್ನು ದಾರಿ. ಆಂಬುಲೆನ್ಸ್ ಬರುವುದು ವಿಳಾಸದಲ್ಲಿರುವ ಬಾಗಿಲಿಗೆ, ಬಿದ್ದವರು ಇರುವುದು ಗ್ರೀನ್‌ರೂಮಿನಲ್ಲಿ. ರಸ್ತೆಯಲ್ಲಿ ಒಬ್ಬರು, ಲಿಫ್ಟ್ ಹಿಡಿದುಕೊಂಡು ಇನ್ನೊಬ್ಬರು ನಿಲ್ಲಬೇಕು. ಎಷ್ಟೋ ಲಿಫ್ಟ್‌ಗಳಲ್ಲಿ ಸ್ಟ್ರೆಚರ್ ಉದ್ದಕ್ಕೆ ಹಿಡಿಯುವುದಿಲ್ಲ, ಮೊದಲೇ ಅಳೆದಿರಬೇಕು. ತುರ್ತು ಬಾಗಿಲಿಗೆ ಅಡ್ಡವಾಗಿ ಹೆಚ್ಚುವರಿ ಕುರ್ಚಿ, ಮಕ್ಕಳ ತಳ್ಳುಗಾಡಿ ಒಟ್ಟುವವರು ಹೊರಗಿನವರಲ್ಲ, ನಾವೇ. ಜನ ತುಂಬಿದಾಗ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ, ವಾಕಿಟಾಕಿ ಬೇಕು. ‘ಎಡಗಡೆ’ ಎಂದರೆ ವೇದಿಕೆಯಿಂದಲೋ ಬಾಗಿಲಿಂದಲೋ ಎಂಬ ಗೊಂದಲ ಬೇಡ. ಸಾಲುಗಳಿಗೆ ಅ, ಆ, ಇ, ಈ ಎಂದು ಚೀಟಿ ಅಂಟಿಸೋಣ. ‘ಡಾಕ್ಟರ್ ಇದ್ದಾರಾ?’ ಎಂದು ಮೈಕಿನಲ್ಲಿ ಕೂಗಿದರೆ ಸಭೆಯೇ ಎದ್ದು ನಿಂತು ದಾರಿ ಮುಚ್ಚುತ್ತದೆ. ನಮ್ಮಲ್ಲಿರುವ ಡಾಕ್ಟರ್, ನರ್ಸ್‌ಗಳಿಗೆ ಸಾಲಿನ ಕೊನೆಯ ಕುರ್ಚಿ ಕಾದಿಡುತ್ತೇವೆ, ಹೆಸರು ಕೊಡಿ.

ಊರಿಂದ ಬಂದಿರುವ ಅಪ್ಪ ಅಮ್ಮಂದಿರನ್ನು ಕರೆತರುವವರು ಅವರ ಮಾತ್ರೆಗಳ ಹೆಸರು, ಪ್ರಮಾಣ, ಅಲರ್ಜಿ, ನಿಮ್ಮ ಫೋನ್ ನಂಬರ್ ಒಂದು ಚೀಟಿಯಲ್ಲಿ ಇಲ್ಲಿನ ಭಾಷೆಯಲ್ಲೇ ಬರೆದು ಅವರ ಜೇಬಿನಲ್ಲೋ ಪರ್ಸಿನಲ್ಲೋ ಇಡಿ. ‘ಎಲ್ಲಿ ನೋಯುತ್ತೆ?’ ಎಂದು ಆಂಬುಲೆನ್ಸ್‌ನವರು ಕೇಳಿದಾಗ ಕನ್ನಡದಲ್ಲಿ ಕೇಳಿ ಹೇಳುವವರೊಬ್ಬರು ಆಸ್ಪತ್ರೆಯವರೆಗೂ ಜೊತೆಗೆ ಹೋಗಬೇಕು.

ಪುಟ ತುಂಬುತ್ತಿದೆ, ಗಡಿಬಿಡಿಯಲ್ಲಿ ಇಷ್ಟು: ಮಕ್ಕಳ ನಾಟಕದ ತಾಲೀಮು ಇದೇ ಶನಿವಾರ, ಅದು ಮುಗಿದ ಮೇಲೆ ಗೊಂಬೆಯ ಮೇಲೆ ಎದೆ ಒತ್ತುವ ಅಭ್ಯಾಸ, ಒಂದು ಗಂಟೆ. ಸದಸ್ಯತ್ವ ನವೀಕರಿಸದವರು ದಯವಿಟ್ಟು ನವೀಕರಿಸಿ. ಗ್ರಂಥಾಲಯದ ಪುಸ್ತಕಗಳು ವಾಪಸ್ ಬರಲಿ. ತುರ್ತು ತಂಡಕ್ಕೆ ಎಂಟು ಜನ ಬೇಕು, ಸಿಕ್ಕಿರುವವರು ಮೂವರು. ಆ ಮೂವರಲ್ಲಿ ಇಬ್ಬರಿಗೆ ನಾಟಕದಲ್ಲಿ ಪಾತ್ರವಿದೆ.