ಉಣುಗು ಹುಡುಕಲು ಹೊರಟ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ಮಂಗನ ಕಾಯಿಲೆಯ ಮೇಲೆ ಪಿಎಚ್‌ಡಿ ಮಾಡುತ್ತೀಯಂತೆ. ನಿನ್ನಮ್ಮ ಫೋನ್ ಮಾಡಿ, "ಕಾಡಿಗೆ ಹೋಗಬೇಡ ಅಂತ ನೀನಾದ್ರೂ ಹೇಳೋ" ಅಂದಳು. ನಾನು ಹೇಳುವುದಿಲ್ಲ.

ಆ ಕಾಯಿಲೆ ಹರಡುವ, ರಕ್ತ ಹೀರುವ ಉಣುಗು ಹಿಡಿಯುವ ಕೆಲಸ ಎಷ್ಟೋ ವರ್ಷ ಮಾಡಿದವನು ನಾನು. ಬಿಳಿ ಫ್ಲಾನೆಲ್ ಬಟ್ಟೆಗೆ ಕೋಲು ಕಟ್ಟಿ, ದರಗೆಲೆಯ ಮೇಲೆ ನಿಧಾನ ಎಳೆಯುತ್ತಾ ಹೋಗುವುದು. ಸ್ವಲ್ಪ ಹೆಜ್ಜೆಗೊಮ್ಮೆ ನಿಂತು ಬಟ್ಟೆ ತಿರುವಿ ನೋಡುವುದು. ಗಸಗಸೆ ಕಾಳು ಅಂದುಕೊಂಡಿದ್ದು ಮೆಲ್ಲಗೆ ನಡೆಯಲು ಶುರು ಮಾಡುತ್ತದೆ! ಚಿಮುಟದಲ್ಲಿ ಎತ್ತಿ ಶೀಸೆಗೆ ಹಾಕು. ಆಮೇಲೆ ಲೆನ್ಸ್ ಹಿಡಿದು ಕಾಲು ಎಣಿಸು. ಆರಿದ್ದರೆ ಮರಿ, ಎಂಟಿದ್ದರೆ ಅದರ ಮುಂದಿನ ಹಂತದ ನಿಂಫ್. ಜನರಿಗೆ ಕಾಯಿಲೆ ಅಂಟಿಸುವುದು ಜಾಸ್ತಿ ಈ ನಿಂಫೇ. ಮಳೆ ಮುಗಿದ ಮೇಲೆ ಇವುಗಳ ಕಾಲ. ನಮ್ಮವರು ಸೊಪ್ಪಿನ ಬೆಟ್ಟಕ್ಕೆ ದರಗು ಗುಡಿಸಲು ಹೋಗುವುದೂ ಆಗಲೇ ಅಲ್ವಾ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಅದೂ ಮಂಗಗಳನ್ನು ಕೊಲ್ಲುತ್ತದೆ, ಆದರೆ ಹರಡುವುದು ಸೊಳ್ಳೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ ಬೇರ್ಪಡಿಸಿ ನೋಡಿದರೆ, ಅದರ ನಂಟು ರಷ್ಯಾದಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ಜೊತೆ! ಮೊದಲ ಅನುಮಾನಕ್ಕೇ ಅವರು ಜೋತುಬೀಳಲಿಲ್ಲ ನೋಡು, ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ಪಾಪ, ಕಾಯಿಲೆಗೆ ಹೆಸರು ಮಾತ್ರ ಮಂಗನದ್ದು. ಅದೂ ನಮ್ಮ ಹಾಗೆ ಕಚ್ಚಿಸಿಕೊಂಡೇ ಸಾಯುವುದು.

ನನ್ನದೊಂದು ತಪ್ಪು ಹೇಳುತ್ತೇನೆ. ಒಂದು ದಿನ ಬೆಳಗಿನಿಂದ ಬಟ್ಟೆ ಎಳೆದರೂ ಒಂದು ಉಣುಗೂ ಸಿಗಲಿಲ್ಲ. ಬೇಜಾರಾಗಿ ಪುಸ್ತಕದಲ್ಲಿ ಆ ಹಾಳೆ ಖಾಲಿ ಬಿಟ್ಟೆ. ತಿಂಗಳಾದ ಮೇಲೆ ಸಾಹೇಬರು ಕೇಳಿದರು, "ಸಿಗಲಿಲ್ವೋ, ಹೋಗಲೇ ಇಲ್ವೋ?" ನನ್ನ ಹತ್ತಿರ ಸಾಕ್ಷಿ ಏನಿತ್ತು? ನೀನು ಸೊನ್ನೆ ಬಂದರೆ ಸೊನ್ನೆ ಅಂತಲೇ ಬರೆ, ದಿನ, ಹೊತ್ತು, ಜಾಗದ ಸಮೇತ.

ಊರಿಗೆ ಬಂದರೆ ಮೊದಲು ದನ ಕಾಯುವವರನ್ನು ಮಾತಾಡಿಸು. ಮಂಗ ಎಲ್ಲಿ ಸತ್ತು ಬಿದ್ದಿದೆ ಅಂತ ಎಲ್ಲರಿಗಿಂತ ಮುಂಚೆ ಗೊತ್ತಾಗುವುದು ಅವರಿಗೇ. ಆದರೆ ಅವಸರದಲ್ಲಿ ಹತ್ತಿರ ಹೋಗಬೇಡ. ಸತ್ತ ಮಂಗನ ಮೈಯಿಂದ ಉಣುಗು ಇಳಿದು ಸುತ್ತಲಿನ ನೆಲದಲ್ಲಿ ಕೂತಿರುತ್ತವೆ. ಬರಿಗೈಯಲ್ಲಂತೂ ಮುಟ್ಟಲೇಬೇಡ. ಪ್ಯಾಂಟಿನ ತುದಿ ಕಾಲುಚೀಲದೊಳಗಿರಲಿ.

ನೀನು ಬರುವ ದಿನ ಹಂಡೆಗೆ ಉರಿ ಹಾಕಿಡಲು ನಿನ್ನ ಅತ್ತೆಗೆ ಹೇಳಿದ್ದೇನೆ. ಕಾಡಿನ ಬಟ್ಟೆಯಲ್ಲಿ ನಡುಮನೆಗೆ ಬರಬೇಡ, ಸೀದಾ ಬಚ್ಚಲಿಗೆ ಹೋಗು.

ಇಂತಿ,
ನಿನ್ನ ಮಾವ