ಹರಕೆ ಹೊತ್ತವನಿಗೆ

ಸೋಮವಾರ ಅಂಗಡಿಯ ಷಟರ್ ಎತ್ತಿದೆ. ಮುಚ್ಚಿ ನಾಲ್ಕು ತಿಂಗಳಾಗಿತ್ತು. ಉಳಿ, ಕೀಸುಳಿ ಮೇಲೆಲ್ಲ ಧೂಳು. ಸಾಗುವಾನಿ ವಾಸನೆ ಮಾತ್ರ ಹಾಗೇ ಇತ್ತು. ಒಂದು ಸ್ಟೂಲಿಗೆ ಕಾಲು ಕೂಡಿಸುವಷ್ಟರಲ್ಲಿ ಕೈ ಸೋತುಹೋಯಿತು. ಆದರೂ ಕೂಡಿಸಿದೆ. ನಾನು ಆಸ್ಪತ್ರೆ ಸೇರಿದ್ದು ಯಾಕೆ, ಹೇಗೆ ಅಂತ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ.

ರಕ್ತ ಕೊಟ್ಟವರಿಗೆ, ದುಡ್ಡು ಹೊಂದಿಸಿದವರಿಗೆ, ನಾನು ಅರ್ಧಕ್ಕೆ ಬಿಟ್ಟಿದ್ದ ಬಾಗಿಲು, ವಾರ್ಡ್‌ರೋಬ್ ಮುಗಿಸಿಕೊಟ್ಟ ಕೆಲಸದ ಗೆಳೆಯರಿಗೆ, ದಿನಾ ಗಂಜಿ ಕಳಿಸಿದ ಎದುರುಮನೆ ಅಕ್ಕನಿಗೆ, ನರ್ಸಮ್ಮಂದಿರಿಗೆ, ಎಲ್ಲರಿಗೂ ಕೈಮುಗಿಯುತ್ತೇನೆ.

ಇನ್ನು ನನ್ನ ಗೆಳೆಯ ಪೇಂಟರ್ ವಿಷಯ. ಹೆಸರು ಹಾಕಬೇಡ ಅಂದಿದ್ದಾನೆ. ಹಾಕಲ್ಲ.

ಆ ರಾತ್ರಿ ನನ್ನ ಹೆಂಡತಿ ಬಾಣಂತನಕ್ಕೆ ತವರಲ್ಲಿದ್ದಳು. ನನ್ನನ್ನು ಒಳಗೆ ಕರೆದೊಯ್ಯುವ ಮೊದಲು ಫಾರ್ಮ್ ತಂದರು. ರೋಗಿಗೆ ಏನಾಗಬೇಕು ಅಂತ ಕೇಳಿದರು. ಪೇಂಟರ್ ಒಂದು ಕ್ಷಣವೂ ಯೋಚಿಸದೆ 'ಅಣ್ಣ' ಅಂದ. ಅಣ್ಣ ಅಂತಲೇ ಬರೆಸಿ ಸಹಿ ಹಾಕಿದ. ನಾನು ರಾಯಚೂರು ಕಡೆಯವನು, ಅವನು ಧರ್ಮಪುರಿ ಕಡೆಯವನು. ನಮ್ಮಿಬ್ಬರ ಮನೆಮಾತೂ ಬೇರೆ.

21 ವರ್ಷದ ಹಿಂದೆ ಮೆಜೆಸ್ಟಿಕ್‌ನಲ್ಲಿ ಸಿಕ್ಕವನು ಅವನು. ನನಗೆ ಹನ್ನೊಂದು, ಅವನಿಗೆ ಹದಿಮೂರು. ನಾನು ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದೆ. ಲೋಟ ಒಡೆದಿದ್ದಕ್ಕೆ ಸೌಟಿನಲ್ಲಿ ಹೊಡೆದರು, ಅಲ್ಲಿಂದಲೂ ಓಡಿದೆ. ಪೇಂಟರ್ ಆಗಲೇ ಒಂದು ವರ್ಷ ಪ್ಲಾಟ್‌ಫಾರ್ಮಿನಲ್ಲಿ ಮಲಗಿದವನು. ನಮ್ಮ ಗುಂಪಿಗೆ ಒಂದು ಸಿಳ್ಳೆ ಇತ್ತು. ಎರಡು ಚಿಕ್ಕದು, ಒಂದು ಉದ್ದದ್ದು. ಊಟ ಸಿಕ್ಕಿದೆ ಬಾ ಅಂತ ಅರ್ಥ. ಅವನೇ ನನ್ನನ್ನು ಬೀದಿ ಮಕ್ಕಳನ್ನು ನೋಡಿಕೊಳ್ಳುವ ಬೆಂಗಳೂರು ಓಣಿಯವರ ಸೇವಾ ಕೂಟಕ್ಕೆ, ಬಾಸ್ಕೋ ಅಂತೀವಲ್ಲ, ಅಲ್ಲಿಗೆ ಕರೆದುಕೊಂಡು ಹೋದವನು. ಅಲ್ಲಿ ಮೊದಲು ಕೇಳಿದ್ದು 'ಊಟ ಆಯ್ತಾ?' ಅಂತ. ಊರು, ಅಪ್ಪನ ಹೆಸರು ಎಲ್ಲ ಆಮೇಲೆ.

ಗೋಡೆಯಲ್ಲಿ ಕಪ್ಪು ನಿಲುವಂಗಿ ತೊಟ್ಟು ನಗುವ ಒಬ್ಬರ ಪಟವಿತ್ತು. ಅವರೇ ಇಲ್ಲಿನ ಓನರ್ ಅಂದುಕೊಂಡಿದ್ದೆ. ಡಾನ್ ಬಾಸ್ಕೋ ಅಂತ ಆಮೇಲೆ ಗೊತ್ತಾಯಿತು. ಇಟಲಿಯ ಪಾದ್ರಿ, ಹುಟ್ಟಿದ್ದು 1815ರಲ್ಲಿ, ತೀರಿಕೊಂಡದ್ದು 1888ರಲ್ಲಿ. ಎರಡು ವರ್ಷ ತುಂಬುವ ಮೊದಲೇ ಅಪ್ಪನನ್ನು ಕಳೆದುಕೊಂಡವರು. ಓದಬೇಕು ಅಂತ ಹಟ ಹಿಡಿದದ್ದಕ್ಕೆ ಮನೆಯಲ್ಲಿ ಮಲಅಣ್ಣನ ಜೊತೆ ಜಗಳ. ಹನ್ನೆರಡನೇ ವಯಸ್ಸಿಗೇ ಮನೆ ಬಿಟ್ಟು ಬೇರೆಯವರ ಹೊಲದಲ್ಲಿ ಆಳಾಗಿ ದುಡಿದರು. ಅದನ್ನು ಕೇಳಿದ ದಿನ ನನಗೆ ಆ ಪಟ ಬೇರೆಯೇ ಥರ ಕಂಡಿತು.

1841ರ ಡಿಸೆಂಬರ್ 8ರಂದು ಟ್ಯೂರಿನ್‌ನ ಒಂದು ಚರ್ಚಿಗೆ ಗಾರೆ ಕೆಲಸದ ಹುಡುಗನೊಬ್ಬ ಬಂದಿದ್ದ. ಬಾರ್ತೊಲೊಮಿಯೊ ಗರೆಲ್ಲಿ, ಹದಿನಾರು ವರ್ಷ, ತಬ್ಬಲಿ. ಪೂಜೆಗೆ ಸಹಾಯ ಮಾಡೋಕೆ ಬರಲ್ಲ ಅಂದದ್ದಕ್ಕೆ ಅಲ್ಲಿನ ಕೆಲಸದವನು ಅವನಿಗೆ ಹೊಡೆದು ಓಡಿಸಿದ. ಡಾನ್ ಬಾಸ್ಕೋ ವಾಪಸ್ ಕರೆಸಿದರು. ಓದೋಕೆ ಬರುತ್ತಾ? ಇಲ್ಲ. ಬರೆಯೋಕೆ? ಇಲ್ಲ. ಹಾಡೋಕೆ? ಇಲ್ಲ. ಸಿಳ್ಳೆ ಹಾಕೋಕೆ ಬರುತ್ತಾ? ಹುಡುಗ ನಕ್ಕುಬಿಟ್ಟ. ಅವರ ಹುಡುಗರ ಕೂಟ ಶುರುವಾದದ್ದು ಆ ನಗುವಿನಿಂದ. ಗಲಾಟೆ ಜಾಸ್ತಿ ಅಂತ ಅವರನ್ನು ಜಾಗದಿಂದ ಜಾಗಕ್ಕೆ ಓಡಿಸಿದರು. 1846ರ ಏಪ್ರಿಲ್‌ನಲ್ಲಿ ವಾಲ್ದೊಕ್ಕೊ ಅನ್ನುವ ಕಡೆ ತಗ್ಗು ಸೂರಿನ ಒಂದು ಶೆಡ್ ಸಿಕ್ಕಿತು. ಮುಂದೆ ಅವರು ಹುಡುಗರನ್ನು ಕೆಲಸಕ್ಕೆ ಸೇರಿಸುವಾಗ ಮಾಲೀಕರಿಂದ ಕರಾರು ಬರೆಸಿಕೊಳ್ಳುತ್ತಿದ್ದರು. 1852ರ ಒಂದು ಕರಾರು ಇವತ್ತಿಗೂ ಉಳಿದಿದೆ, ಛಾಪಾ ಕಾಗದದ ಮೇಲೆ ಬರೆದದ್ದು. ಆ ಹುಡುಗನೂ ಬಡಗಿ ಕೆಲಸ ಕಲಿಯೋಕೆ ಹೋದವನು. ತಪ್ಪು ಮಾಡಿದರೆ ಬಾಯಿಮಾತಲ್ಲಿ ತಿದ್ದಬೇಕು, ಕೈ ಮಾಡಬಾರದು ಅಂತ ಅದರಲ್ಲಿದೆ. ಸೌಟಿನ ಪೆಟ್ಟು ತಿಂದವನಿಗೆ ಆ ಒಂದು ಸಾಲು ಎಷ್ಟು ದೊಡ್ಡದು ಅಂತ ಗೊತ್ತು. ನನಗೆ ಉಳಿ ಹಿಡಿಯೋಕೆ ಕಲಿಸಿದ ಮೇಷ್ಟ್ರು ಒಂದು ದಿನವೂ ಕೈ ಎತ್ತಲಿಲ್ಲ.

ಆ ರಾತ್ರಿಗೆ ಬರುತ್ತೇನೆ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಯಂತ್ರಗಳ ಸದ್ದು, ಬಿಳಿ ಬೆಳಕು. ಪಕ್ಕದ ಮಂಚ ಖಾಲಿಯಾದದ್ದು ಕಣ್ಣಾರೆ ಕಂಡೆ. ಮಗಳಿಗೆ ಆಗ ಇಪ್ಪತ್ತು ದಿನ. ಅವಳನ್ನು ಒಂದೇ ಸಲ ಎತ್ತಿಕೊಂಡಿದ್ದೆ. ನನಗೆ ಅಳು ಬಂತು. ಅಮ್ಮಾ ಅಂತ ಕೂಗಿದೆ. ಅಮ್ಮನ ಮುಖ ನೆನಪಾಗಲಿಲ್ಲ.

ಮೂರು ಗಂಟೆ ಇರಬೇಕು. ಕಿಟಕಿಯ ಕೆಳಗಿನಿಂದ ಸಿಳ್ಳೆ ಕೇಳಿಸಿತು. ಎರಡು ಚಿಕ್ಕದು, ಒಂದು ಉದ್ದದ್ದು. ಸೆಕ್ಯುರಿಟಿಯವರು ಬೈದದ್ದೂ ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸಿಳ್ಳೆ. ಬೆಳಗಾಗುವ ತನಕ ಅವನು ಅಲ್ಲೇ ಇದ್ದ. ನಾನು ಒಂದೊಂದು ಸಿಳ್ಳೆಗೂ ಕಾಯುತ್ತಾ ಮಲಗಿದ್ದೆ. ಇಷ್ಟು ಬರೆಯುವಾಗಲೂ ಕೈ ನಡುಗುತ್ತಿದೆ, ಸ್ವಲ್ಪ ನೀರು ಕುಡಿದು ಬರುತ್ತೇನೆ.

ಹಾಂ. ಪೇಂಟರ್, ಇದು ನಿನಗೆ.

1846ರ ಜುಲೈನಲ್ಲಿ ಡಾನ್ ಬಾಸ್ಕೋ ಸಾಯುವ ಸ್ಥಿತಿಗೆ ಹೋಗಿದ್ದರು. ಅವರಿಗೆ ಆಗ ಮೂವತ್ತೊಂದೂ ತುಂಬಿರಲಿಲ್ಲ. ಸಾಯುವ ಮುಂಚೆ ಪಾದ್ರಿಗಳು ಕೊಡುವ ಕೊನೆಯ ಸಂಸ್ಕಾರವನ್ನೂ ಕೊಟ್ಟುಬಿಟ್ಟಿದ್ದರು. ಗಾರೆ ಕೆಲಸದ ಹುಡುಗರು ಕೆಲಸ ಬಿಟ್ಟ ಮೈಯಲ್ಲೇ ಬಂದು ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಅವರನ್ನೂ ಒಳಗೆ ಬಿಡಲಿಲ್ಲ. ಹರಕೆ ಹೊತ್ತರು. ಕೆಲವರು ಬರೀ ರೊಟ್ಟಿ, ನೀರಲ್ಲಿ ಇರ್ತೀವಿ ಅಂದರು. ಕೆಲವರು ಜೀವನಪೂರ್ತಿ ದಿನಾ ಜಪಮಾಲೆ ಹೇಳ್ತೀವಿ ಅಂದರು. ಡಾನ್ ಬಾಸ್ಕೋ ಬದುಕಿದರು. ಕೋಲು ಹಿಡಿದು ಹೊರಗೆ ಬಂದ ದಿನ ಹುಡುಗರು ಅವರನ್ನು ಹೊತ್ತು ಮೆರೆಸಿದರು. ಈ ಜೀವ ನೀವು ಕೊಟ್ಟದ್ದು, ಇನ್ನು ಇದು ನಿಮಗೇ ಅಂದರಂತೆ. ಆಮೇಲೆ ಒಂದು ಕೆಲಸ ಮಾಡಿದರು. ದುಡುಕಿ ದೊಡ್ಡ ಹರಕೆ ಹೊತ್ತಿದ್ದ ಹುಡುಗರನ್ನು ಕರೆದು, ಅವರ ಕೈಲಾಗುವ ಹಾಗೆ ಅದನ್ನು ಬದಲಾಯಿಸಿಕೊಟ್ಟರು.

ನೀನು ಹೊತ್ತ ಹರಕೆ ಏನು ಅಂತ ಹೋದ ವಾರ ನಿನ್ನ ಹೆಂಡತಿ ಹೇಳಿದಳು. ನಾನು ಉಳಿದರೆ ಬದುಕಿರುವ ತನಕ ಪ್ರತಿ ವರ್ಷ ತಾಳುಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆಯುವುದು. ಸಾರ್ವೆಯಿಂದ ಬಿದ್ದ ಮೇಲೆ ನಿನ್ನ ಮಂಡಿ ಎರಡು ಮಹಡಿ ಹತ್ತೋಕೂ ಒಪ್ಪಲ್ಲ, ಅಲ್ವಾ? ಹರಕೆ ಬದಲಾಯಿಸುವ ದೊಡ್ಡಸ್ತಿಕೆ ನನಗಿಲ್ಲ. ಕೇಳಿಕೊಳ್ಳುತ್ತೇನೆ ಅಷ್ಟೇ. ಬಸ್ಸಲ್ಲಿ ಹೋಗೋಣ ಅಣ್ಣಾ. ಮಾದಪ್ಪ ಬೇಜಾರು ಮಾಡಿಕೊಳ್ಳಲ್ಲ. ನಿನ್ನ ಮಂಡಿಯ ಪಾಲಿನ ನಡಿಗೆ ನಾನು ನಡೆಯುತ್ತೇನೆ, ಡಾಕ್ಟರು ಹೂಂ ಅಂದ ಮೇಲೆ. ಮಗಳ ಮುಡಿಯನ್ನೂ ಅಲ್ಲೇ ಕೊಡೋಣ ಅಂತ ಮನೆಯಲ್ಲಿ ಮಾತಾಗಿದೆ. ಮುಡಿ ತೆಗೆಸುವಾಗ ಅವಳು ಸೋದರಮಾವನ ತೊಡೆಯ ಮೇಲೆ ಕೂರಬೇಕು. ನನ್ನ ಹೆಂಡತಿಗೆ ಅಣ್ಣತಮ್ಮಂದಿರಿಲ್ಲ. ನೀನೇ ಕೂರಿಸಿಕೊಳ್ಳಬೇಕು ಅಂತ ಅವಳು ಹೇಳಿದ್ದಾಳೆ.