ಅಪ್ಪನ ನೀಲಿ ಪಂಚೆ, ಅವ್ವನ ಕಣ್ಣು

ಎರಡು ವರ್ಷದಿಂದ ನಮ್ಮಪ್ಪ ನೀಲಿ ಪಂಚೆ ಉಟ್ಟುಕೊಂಡು ತಾಳವಾಡಿ ಸಂತೆಗೆ ಹೋಗಿಬರುತ್ತಿದ್ದರು. ಅಂಗಡಿಯಿಂದ ತಂದದ್ದೆಲ್ಲ ಬಿಳಿ ಪಂಚೆಯೇ. ಒಗೆಯುವಾಗ ಬಕೆಟ್ಟಿಗೆ ನಾಲ್ಕು ಹನಿ ಹಾಕಬೇಕಾದ ಉಜಾಲಾವನ್ನು ಅವ್ವ ಮುಚ್ಚಳದ ತುಂಬ ಸುರಿಯುತ್ತಿದ್ದಳು. ಕೇಳಿದರೆ, "ಈಗಿನ ಬಟ್ಟೆಗಳೇ ಸರಿ ಇಲ್ಲ ಕನಪ್ಪ, ಒಂದು ಒಗೆತಕ್ಕೇ ಹಳದಿ ತಿರುಗ್ತವೆ" ಅನ್ನುತ್ತಿದ್ದಳು. "ನಿಮ್ಮವ್ವ ನನ್ನ ಕೃಷ್ಣ ಪರಮಾತ್ಮನ್ನ ಮಾಡ್ತಾವಳೆ" ಅಂತ ಅಪ್ಪ ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಹಳದಿ ತಿರುಗಿದ್ದು ಪಂಚೆಯಲ್ಲ, ಅವ್ವನ ಕಣ್ಣಿನೊಳಗಿನ ಮಸೂರ ಅನ್ನುವುದು, ಮನೆಯಲ್ಲಿ ಮೂರು ಜನ ಓದಿದವರಿದ್ದೂ ಒಬ್ಬರಿಗೂ ಹೊಳೆಯಲಿಲ್ಲ.

ಹೋದ ಸೋಮವಾರಕ್ಕೆ ಅವ್ವನ ಎರಡನೇ ಕಣ್ಣಿನ ಡ್ರಾಪ್ಸ್ ಮುಗಿಯಿತು. ಎರಡೂ ಕಣ್ಣಿನ ಪೊರೆ ತೆಗೆಸಿಯಾಯಿತು. ಅಪ್ಪನ ಪಂಚೆ ಮತ್ತೆ ಬೆಳ್ಳಗಾಗಿದೆ. ಥ್ಯಾಂಕ್ಸ್ ಹೇಳುವುದು ಬಾಕಿ ಇದೆ, ಅದಕ್ಕೇ ಈ ಬರಹ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಎರಡು ವರ್ಷದ ಹಿಂದೆ ಅವ್ವನನ್ನು ಒಂದು ಕಡೆ ತೋರಿಸಿದ್ದೆ. ಎಲ್ಲಿ ಅಂತ ಬೇಡ. "ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ" ಅಂದರು. ಪೊರೆ ಹಣ್ಣಾಗುವ ತನಕ ಕಾಯುವ ಕಾಲ ಎಂದೋ ಹೋಯಿತು, ದಿನದ ಕೆಲಸಕ್ಕೆ ತೊಂದರೆ ಆಗುತ್ತಿದ್ದರೆ ತೆಗೆಸಿಬಿಡುವುದೇ ಸರಿ ಎಂದು ಆಮೇಲೆ ತಿಳಿಯಿತು. ಆದರೆ ನಿಜ ಹೇಳಬೇಕೆಂದರೆ ಆ ಮಾತು ಆಗ ನನಗೂ ಅನುಕೂಲವಾಗೇ ಕೇಳಿಸಿತ್ತು. ರಜೆ ಹಾಕುವ ತಾಪತ್ರಯ ತಪ್ಪಿತಲ್ಲ. ಅವ್ವನೋ, ಕಾಣದೇ ಇರುವುದನ್ನು ಮುಚ್ಚಿಡುವುದರಲ್ಲಿ ಪಳಗಿಬಿಟ್ಟಳು. ಅಕ್ಕಿ ಆರಿಸುವ ಕೆಲಸವನ್ನು "ಕಲ್ಲೇ ಬರಲ್ಲ ಈಗಿನ ಅಕ್ಕೀಲಿ" ಅಂತ ಬಿಟ್ಟಳು. ಮಲ್ಲಿಗೆ ಕಟ್ಟುವುದನ್ನು ಮಾತ್ರ ಬಿಡಲಿಲ್ಲ. ಅದಕ್ಕೆ ಕಣ್ಣು ಬೇಡ, ಬೆರಳೇ ಸಾಕು. ಸತ್ಯಮಂಗಲದ ಮೊಗ್ಗು ತಂದು ಸುರಿದರೆ ಗೋಡೆಗೊರಗಿ ಕೂತು ಸರಸರ ಕಟ್ಟುತ್ತಿದ್ದಳು. ಅಷ್ಟು ಚೆಂದ ಹೂ ಕಟ್ಟುವವಳಿಗೆ ಕಣ್ಣು ಕಾಣುತ್ತಿಲ್ಲ ಅಂತ ಯಾರು ತಾನೆ ಅಂದುಕೊಂಡಾರು? ಕೊನೆಗೆ ಒಂದು ರಾತ್ರಿ ಕುದಿಯುವ ಸಾರಿನ ಪಾತ್ರೆಯನ್ನು ಕಟ್ಟೆಯ ಮೇಲೆ ಇಡುತ್ತೇನೆಂದುಕೊಂಡು ಗಾಳಿಯಲ್ಲಿ ಇಟ್ಟಳು. ಪಾದ ಸುಟ್ಟಿತು. ಆಗಲೂ ಬೈದದ್ದು ಪಾತ್ರೆಯನ್ನೇ.

ಕಾಲು ವಾಸಿಯಾದ ಮೇಲೆ ಮೈಸೂರಿಗೆ ಹೋಗೋಣ ಅಂದೆ. ನಾನಿರುವುದು ಅಲ್ಲೇ. ನಮ್ಮೂರು ತಮಿಳುನಾಡಿಗೆ ಸೇರಿದ್ದರೂ ಮಾತು ಕನ್ನಡ, ಆಸ್ಪತ್ರೆಗೆಂದರೆ ಚಾಮರಾಜನಗರ, ಮೈಸೂರಿನ ಕಡೆಗೇ ಕಾಲು ಎಳೆಯುತ್ತದೆ. ಅವ್ವ ಒಪ್ಪಲಿಲ್ಲ. "ನಮ್ಮಪ್ಪಂಗೆ ಕಣ್ಣು ಬಂದ ಕಡೆಗೇ ಕರ್ಕೊಂಡೋಗು" ಅಂದಳು. ಅಂದರೆ ಕೊಯಮತ್ತೂರು, ಅವಿನಾಶಿ ರಸ್ತೆ, ಅರವಿಂದ ಕಣ್ಣಾಸ್ಪತ್ರೆ.

ತಾತನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆ ಆಸ್ಪತ್ರೆ ಕೊಯಮತ್ತೂರಿಗೆ ಬಂದದ್ದು 1997ರಲ್ಲಿ. ಅದಾಗಿ ಒಂದೆರಡು ವರ್ಷಕ್ಕೆ ಕಣ್ಣಿನ ಕ್ಯಾಂಪಿನಲ್ಲಿ ತಾತನನ್ನು ನೋಡಿ, ಬೇರೆ ಮುದುಕರ ಜೊತೆ ಬಸ್ಸು ಹತ್ತಿಸಿ, ದಿಂಬಂ ಘಟ್ಟದ 27 ತಿರುವು ಇಳಿಸಿ ಕರೆದುಕೊಂಡು ಹೋದರು. ಆಪರೇಷನ್ ಮಾಡಿ, ಒಳಗೆ ಲೆನ್ಸ್ ಕೂರಿಸಿ, ಊಟ ಹಾಕಿ, ಮಲಗಲು ಚಾಪೆ ಕೊಟ್ಟು, ಕಪ್ಪು ಕನ್ನಡಕ ಹಾಕಿಸಿ ಅದೇ ಬಸ್ಸಿನಲ್ಲಿ ವಾಪಸ್ ತಂದು ಬಿಟ್ಟರು. ಒಂದು ಕಾಸೂ ಕೇಳಲಿಲ್ಲ. ತಾತನಿಗೆ ಕಣ್ಣು ಬಂದದ್ದಕ್ಕಿಂತ ಕಾಸು ಕೇಳದೇ ಇದ್ದದ್ದೇ ದೊಡ್ಡ ಚಿಂತೆಯಾಯಿತು. ಯಾವುದೋ ಪಾರ್ಟಿಯವರದ್ದೇ ಇರಬೇಕು, ಎಲೆಕ್ಷನ್ ಬಂದಾಗ ಬಂದೇ ಬರುತ್ತಾರೆ ಅಂತ ಸಾಯುವ ತನಕ ಕಾದರು. ಯಾರೂ ಬರಲಿಲ್ಲ.

ತಾತನ ಅನುಮಾನ ನನಗೂ ಅಂಟಿಕೊಂಡಿತ್ತು. ಅವ್ವನ ಮೊದಲ ಆಪರೇಷನ್ ದಿನ ಹೊರಗೆ ಬೆಂಚಿನ ಮೇಲೆ ಕೂತು ಅದನ್ನೇ ಓದಿದೆ, ಅವರಿವರನ್ನು ಕೇಳಿದೆ.

ಶುರು ಮಾಡಿದವರು ಡಾಕ್ಟರ್ ಗೋವಿಂದಪ್ಪ ವೆಂಕಟಸ್ವಾಮಿ. ಎಟ್ಟಯಪುರದ ಹತ್ತಿರದ ವಡಮಲಾಪುರಂ ಎಂಬ ಹಳ್ಳಿಯ ರೈತನ ಮಗ, ಹುಟ್ಟಿದ್ದು 1918ರಲ್ಲಿ. ಸೈನ್ಯದಲ್ಲಿ ಡಾಕ್ಟರಾಗಿದ್ದಾಗ ಕೀಲುವಾತ ಹಿಡಿದು, ವರ್ಷಕ್ಕೂ ಮೇಲೆ ಹಾಸಿಗೆ ಹಿಡಿದರು. ಎದ್ದಾಗ ಬೆರಳುಗಳು ಸೊಟ್ಟಗಾಗಿದ್ದವು. ಆ ಸೊಟ್ಟ ಬೆರಳುಗಳಿಗೇ ಕಣ್ಣಿನ ಆಪರೇಷನ್ ಕಲಿಸಿಕೊಂಡು, ಜೀವಮಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಪರೇಷನ್ ಮಾಡಿದರಂತೆ. ಇಲ್ಲಿ ಓದುವುದನ್ನು ನಿಲ್ಲಿಸಿ ನನ್ನ ಬೆರಳು ನೋಡಿಕೊಂಡೆ, ಸುಳ್ಳಲ್ಲ. 1976ರಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತಿಯಾದಾಗ ಮಧುರೈನಲ್ಲಿ ಒಂದು ಬಾಡಿಗೆ ಮನೆ ಹಿಡಿದು, ತಂಗಿ ಡಾಕ್ಟರ್ ನಾಚ್ಚಿಯಾರ್, ಅವರ ಗಂಡ ಡಾಕ್ಟರ್ ನಂಪೆರುಮಾಳ್‌ಸ್ವಾಮಿ ಮತ್ತು ಮನೆಯ ಇತರರನ್ನು ಕಟ್ಟಿಕೊಂಡು 11 ಹಾಸಿಗೆಯ ಆಸ್ಪತ್ರೆ ತೆರೆದರು. ಅರವಿಂದ ಅನ್ನುವ ಹೆಸರು ಪುದುಚೇರಿಯ ಶ್ರೀ ಅರವಿಂದರದ್ದು. ಆಮೇಲೆ 1985ರಲ್ಲಿ ಥೇಣಿ, 1988ರಲ್ಲಿ ತಿರುನೆಲ್ವೇಲಿ, 1997ರಲ್ಲಿ ನಮ್ಮ ಕೊಯಮತ್ತೂರು, 2003ರಲ್ಲಿ ಪುದುಚೇರಿ, ಮುಂದೆ ಸೇಲಂ, ಚೆನ್ನೈ, ತಿರುಪತಿ. ಕೊರೊನಾ ಬರುವ ಮೊದಲೇ ಎಲ್ಲ ಸೇರಿ ವರ್ಷಕ್ಕೆ 4 ಲಕ್ಷ ಆಪರೇಷನ್ ದಾಟಿತ್ತು. ಅದರಲ್ಲಿ ಅರ್ಧದಷ್ಟಾದರೂ ಪುಕ್ಕಟೆ, ಇಲ್ಲವೇ ತೀರ ಕಡಿಮೆ ದುಡ್ಡಿಗೆ.

ಇಷ್ಟು ಪುಕ್ಕಟೆ ಮಾಡಿಯೂ ಮುಳುಗಲಿಲ್ಲ ಹೇಗೆ ಅನ್ನುವುದಕ್ಕೆ ಉತ್ತರ ಕೊಟ್ಟದ್ದು ನಾನು ಓದಿದ್ದಲ್ಲ, ಅವ್ವ. ಆಪರೇಷನ್ ಮುಗಿಸಿ ಹೊರಗೆ ಬಂದವಳು ಮೊದಲು ಹೇಳಿದ್ದೇ ಅದು: "ಎರಡು ಮಂಚ ಕನ್ಲ ಮಗ. ಒಂದರ ಮೇಲೆ ನಾನು, ಪಕ್ಕದಾಗೆ ಒಂದು ಮುದುಕಪ್ಪ. ಡಾಕ್ಟ್ರು ಆ ಕಡೆ ಮುಗಿಸಿ ಹಂಗೇ ಈ ಕಡೆ ತಿರುಗಿದ್ರು. ಮದುವೆ ಮನೇಲಿ ಎರಡು ಕಾವಲಿ ಇಟ್ಕೊಂಡು ದೋಸೆ ಹುಯ್ಯಲ್ವಾ, ಹಂಗೆ."

ಸರಿಯಾಗಿ ಅದೇ. ಒಬ್ಬರ ಕಣ್ಣು ಮುಗಿಯುವಷ್ಟರಲ್ಲಿ ಪಕ್ಕದವರನ್ನು ಸಿಸ್ಟರುಗಳು ಸಿದ್ಧ ಮಾಡಿ ಇಟ್ಟಿರುತ್ತಾರೆ. ಡಾಕ್ಟರು ಡಾಕ್ಟರೇ ಮಾಡಬೇಕಾದ ಕೆಲಸವನ್ನಷ್ಟೇ ಮಾಡುತ್ತಾರೆ. ಕಣ್ಣು ಅಳೆಯುವುದು, ಒತ್ತಡ ನೋಡುವುದು, ಮದ್ದು ಬಿಡುವುದು, ಮನೆಯವರಿಗೆ ತಿಳಿಹೇಳುವುದು ಎಲ್ಲ ಹಳ್ಳಿಗಳಿಂದ ಬಂದ ಹುಡುಗಿಯರು. ಪ್ಲಸ್ ಟೂ ಮುಗಿಸಿದವರನ್ನು ತೆಗೆದುಕೊಂಡು ಎರಡು ವರ್ಷ ತರಬೇತಿ ಕೊಡುತ್ತಾರೆ. ಹೆಚ್ಚು ಕಣ್ಣು ಮಾಡಿದಷ್ಟೂ ಒಂದೊಂದಕ್ಕೆ ಬೀಳುವ ಖರ್ಚು ಇಳಿಯುತ್ತದೆ. ಅಮೆರಿಕದಲ್ಲಿ ಬೀದಿಬೀದಿಗೂ ಒಂದೇ ರುಚಿಯ ಬರ್ಗರ್ ಮಾರುವ ಮ್ಯಾಕ್‌ಡೊನಾಲ್ಡ್ಸನ್ನು ನೋಡಿ ಡಾಕ್ಟರ್ ವೆಂಕಟಸ್ವಾಮಿ ಬೆರಗಾಗಿದ್ದರಂತೆ. ಅವ್ವನ ದೋಸೆಯೇ ನನಗೆ ಹೆಚ್ಚು ಹಿಡಿಸಿತು.

ಲೆನ್ಸಿನದ್ದು ಬೇರೆಯೇ ಕತೆ. ಮೊದಲು ಪೊರೆ ತೆಗೆದ ಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಕೊಡುತ್ತಿದ್ದರಲ್ಲ, ನಮ್ಮ ಬೀದಿಯಲ್ಲೇ ಒಬ್ಬ ಅಜ್ಜಿಗೆ ಇತ್ತು. ಕಣ್ಣಿನೊಳಗೇ ಕೂರಿಸುವ ಲೆನ್ಸ್ ಹೊರದೇಶದಿಂದ ಬರಬೇಕಿತ್ತು, ಒಂದಕ್ಕೆ ನೂರು ಡಾಲರಿನ ಆಸುಪಾಸು. ಬಡವರಿಗೆ ಅದೆಲ್ಲಿ? 1992ರಲ್ಲಿ ಮಧುರೈನಲ್ಲೇ ಅರೋಲ್ಯಾಬ್ ಅಂತ ಕಾರ್ಖಾನೆ ಮಾಡಿಕೊಂಡು, ಅದನ್ನು ಹತ್ತು ಡಾಲರಿನ ಒಳಕ್ಕೆ ಇಳಿಸಿದರು. ಈಗ ನೂರಕ್ಕೂ ಹೆಚ್ಚು ದೇಶಗಳಿಗೆ ಇಲ್ಲಿಂದಲೇ ಹೋಗುತ್ತದೆ. ನಮ್ಮ ತಾತನ ಕಣ್ಣಿನಲ್ಲಿ ಕೂತದ್ದು ಅಂಥದ್ದೇ ಇರಬೇಕು.

ಇನ್ನು ದುಡ್ಡು. ನಾವು ದುಡ್ಡು ಕಟ್ಟುವ ಕಡೆಯೇ ತೋರಿಸಿದೆವು. ಇಲ್ಲಿ ರೇಷನ್ ಕಾರ್ಡು, ಆದಾಯದ ಸರ್ಟಿಫಿಕೇಟು ಯಾರೂ ಕೇಳುವುದಿಲ್ಲ. ಕಟ್ಟುವ ಕಡೆ ಹೋಗುವುದೋ ಪುಕ್ಕಟೆ ಕಡೆ ಹೋಗುವುದೋ, ಬಂದವರೇ ತೀರ್ಮಾನ ಮಾಡಿಕೊಳ್ಳಬೇಕು. ಇದು ನನಗೆ ಮೊದಲು ಪೆದ್ದುತನ ಅನ್ನಿಸಿತು. ಕಾರಿನಲ್ಲಿ ಬಂದವನು ಪುಕ್ಕಟೆ ಸಾಲಿನಲ್ಲಿ ನಿಂತರೆ? ನಿಲ್ಲಲಿ ಬಿಡು ಅನ್ನುವುದೇ ಅವರ ಲೆಕ್ಕ. ಕಟ್ಟುವವರ ದುಡ್ಡಿನಲ್ಲೇ ಬಹುಪಾಲು ನಡೆಯುತ್ತದೆ. ಕ್ಯಾಂಪಿನ ಆಪರೇಷನ್ನಿಗೆ ಸರ್ಕಾರದಿಂದ ಒಂದಿಷ್ಟು ಬರುತ್ತದೆ, ಕ್ಯಾಂಪಿನ ಖರ್ಚನ್ನು ಊರಿನ ಸಂಘಸಂಸ್ಥೆಗಳು ನೋಡಿಕೊಳ್ಳುತ್ತವೆ. ಕಟ್ಟುವವರಿಗೆ ಸಿಗುವುದು ರೂಮು, ಮಂಚ, ಬೇಕಾದ ಲೆನ್ಸ್ ಆರಿಸಿಕೊಳ್ಳುವ ಅವಕಾಶ. ಡಾಕ್ಟರುಗಳು ಎರಡೂ ಕಡೆ ಸರದಿಯಲ್ಲಿ ಓಡಾಡುವ ಅವರೇ.

ಬಿಲ್ ಕಟ್ಟಿ ಬಂದು ಇದನ್ನೆಲ್ಲ ಅವ್ವನಿಗೆ ಹೇಳಿದೆ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಮಂಜು. ಸುಮ್ಮನೆ ಕೇಳಿಸಿಕೊಂಡು, "ಹಂಗಾರೆ ನಮ್ಮಪ್ಪನ ಕಣ್ಣಿನ ದುಡ್ಡ ಇಲ್ಲಿ ಯಾರೋ ಕಟ್ಟಿದ್ರು" ಅಂದಳು. "ಹೂಂ." "ಯಾರು ಅಂತ ಗೊತ್ತಾಗಕಿಲ್ವಾ?" "ಇಲ್ಲವ್ವ." ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಬಣ್ಣಾರಿ ದಾಟಿ ಘಟ್ಟ ಹತ್ತುವಾಗ, ಎಷ್ಟನೆಯದೋ ತಿರುವಿನಲ್ಲಿ, "ಎರಡನೇ ಕಣ್ಣಿಗೂ ಕಟ್ಟೇ ಮಾಡಿಸನ" ಅಂದಳು.

ಆ ಮಿಲ್ಲಿನ ಸಾಹುಕಾರರೋ, ಮೇಷ್ಟರೋ, ಅಂಗಡಿಯವರೋ, ಇಪ್ಪತ್ತೈದು ವರ್ಷದ ಹಿಂದೆ ತಮ್ಮ ಕಣ್ಣಿಗೆಂದು ಬಿಲ್ ಕಟ್ಟಿ ನಮ್ಮ ತಾತನ ಕಣ್ಣನ್ನೂ ತೆರೆಸಿದ ಯಾರೋ ಒಬ್ಬರಿಗೆ ಈ ಬರಹದ ಮೊದಲ ಕೃತಜ್ಞತೆ. ಅವರಿಗೆ ಇದು ಗೊತ್ತೂ ಇರಲಿಕ್ಕಿಲ್ಲ.

ಮೊದಲ ಕಣ್ಣಿಗೂ ಎರಡನೆಯದಕ್ಕೂ ನಡುವಿನ ದಿನಗಳಲ್ಲಿ ಅವ್ವ ಮಾಡಿದ್ದು ಒಂದೇ ಕೆಲಸ. ತಂತಿಯ ಮೇಲೆ ಒಣಗಿದ ಪಂಚೆಯ ಮುಂದೆ ನಿಂತು, ಎಡಗಣ್ಣು ಮುಚ್ಚಿ ನೋಡುವುದು, ಬಲಗಣ್ಣು ಮುಚ್ಚಿ ನೋಡುವುದು. ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಹಳದಿ. "ಅಯ್ಯೋ ಪಾಪಿ ನಾನು, ಇಂಥದ್ದ ಉಡಿಸಿ ಊರೆಲ್ಲ ಓಡಾಡಿಸಿದ್ನಲ್ಲಪ್ಪ" ಅಂತ ಅಪ್ಪನ ಮುಂದೆ ಹಣೆ ಚಚ್ಚಿಕೊಂಡಳು. ಆಮೇಲೆ ಅಡುಗೆಮನೆಗೆ ಹೋಗಿ ಒಲೆ ಹಿಂದಿನ ಗೋಡೆಯ ಜಿಡ್ಡು ಕಂಡು ನನ್ನ ಹೆಂಡತಿಯನ್ನು ಬೈದಳು. ನಾಲ್ಕು ದಿನ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ನನ್ನ ಹೆಂಡತಿ ಅಷ್ಟನ್ನೂ ಕೇಳಿಸಿಕೊಂಡು, ಹೊತ್ತುಹೊತ್ತಿಗೆ ಕೈ ತೊಳೆದು ಬಂದು ಡ್ರಾಪ್ಸ್ ಬಿಟ್ಟಳು. ಅವಳಿಗೂ ಒಂದು ಥ್ಯಾಂಕ್ಸ್, ಇಲ್ಲೇ, ಎಲ್ಲರ ಎದುರಿಗೆ. ರಾತ್ರಿ ಒಂಬತ್ತಕ್ಕೆ ಘಟ್ಟದ ದಾರಿ ಮುಚ್ಚುವುದರೊಳಗೆ ಪ್ರತಿ ಸಲವೂ ನಮ್ಮನ್ನು ಮೇಲೆ ತಲುಪಿಸಿದ ಕಾರಿನ ಹುಡುಗನಿಗೂ.

ಕೊನೆಗೆ ಉಳಿದದ್ದು ಒಬ್ಬ ಸಿಸ್ಟರ್. ಹೆಸರು ಹಾಕುವುದಿಲ್ಲ. ಬಣ್ಣಾರಿ ಮಾರಮ್ಮನ ಕೊಂಡದ ಜಾತ್ರೆಯಷ್ಟು ಜನ ಇದ್ದ ಆ ಬೆಳಿಗ್ಗೆ, ತಮಿಳಿನಲ್ಲಿ ಹೇಳಿದ್ದು ಅರ್ಧಂಬರ್ಧ ಅರ್ಥವಾಗಿ ಅವ್ವ ಗಾಬರಿಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು. ಆ ಹುಡುಗಿ ಒಂದು ಗಳಿಗೆ ನಮ್ಮ ಮಾತು ಕೇಳಿ, "ನೀವು ಕನ್ನಡವಾ? ನಮ್ಮ ಮನೇಲೂ ಇದೇ ಪೇಸೋದು" ಅಂದಳು. ದೇವಾಂಗ ನೇಕಾರರ ಮನೆಯವಳು. ತಲೆಮಾರುಗಳಿಂದ ಕೊಯಮತ್ತೂರು ಸೀಮೆಯಲ್ಲೇ ಇದ್ದಾರೆ, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆಮೇಲೆ ಅವ್ವ ನನ್ನನ್ನು ಮರೆತೇಬಿಟ್ಟಳು. ಇಬ್ಬರದೂ ಏನು ಮಾತು! ಕೆಳಗೆ ನೋಡಿ, ಅಲುಗಬೇಡಿ, ನೋವಾಗಲ್ಲ ಅನ್ನುವುದನ್ನೆಲ್ಲ ಆ ಮಗು ತನ್ನ ಮನೆಗನ್ನಡದಲ್ಲಿ ಹೇಳುತ್ತಾ ಹೋಯಿತು.

ಎರಡನೇ ಸಲ ಹೋದಾಗ ಅವ್ವ ಅವಳನ್ನೇ ಹುಡುಕಿ ಹಿಡಿದು ಒಂದು ಪ್ರಶ್ನೆ ಕೇಳಿದಳು. ನಮ್ಮ ಕಡೆಯವರಿಗೆ ಅದು ಬಂದೇ ಬರುವ ಪ್ರಶ್ನೆ. ಗಾಜನೂರು ಇರುವುದು ನಮ್ಮ ತಾಳವಾಡಿ ಸೀಮೆಯಲ್ಲಿ. 2006ರ ಏಪ್ರಿಲ್‌ನಲ್ಲಿ ರಾಜಣ್ಣ ಹೋದಾಗ ಕಣ್ಣು ದಾನ ಮಾಡಿ ಹೋದದ್ದನ್ನು ಇಲ್ಲಿ ಇವತ್ತಿಗೂ ಮನೆಯವರ ಸುದ್ದಿಯಂತೆ ಹೇಳುತ್ತಾರೆ. (ಡಾಕ್ಟರ್ ವೆಂಕಟಸ್ವಾಮಿ ತೀರಿಕೊಂಡದ್ದೂ ಅದೇ ವರ್ಷ, ಜುಲೈನಲ್ಲಿ.) "ಆಪರೇಷನ್ ಆಗಿರೋ ಕಣ್ಣ ಯಾರೂ ಈಸ್ಕಳಲ್ಲ ಅಲ್ವಾ?" ಅಂತ ಅವ್ವ. ದಾನಕ್ಕೆ ತೆಗೆದುಕೊಳ್ಳುವುದು ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಕಾರ್ನಿಯಾವನ್ನು. ಲೆನ್ಸ್ ಬದಲಾಯಿಸಿದವರೂ ಧಾರಾಳವಾಗಿ ಕೊಡಬಹುದು ಅಂತ ಅವಳು ಬಿಡಿಸಿ ಹೇಳಿದಳು. ಅವ್ವನ ಮುಖ ಊರಗಲ ಆಯಿತು.

ಈ ಬರಹ ಆ ಹುಡುಗಿಗೆ. ತೊಂದರೆ ಏನೆಂದರೆ ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕೊಯಮತ್ತೂರು, ಸತ್ಯಮಂಗಲದ ಕಡೆಯ ಕನ್ನಡದವರು ಯಾರಾದರೂ ಕಣ್ಣು ತೋರಿಸಲು ಅಲ್ಲಿಗೆ ಹೋದರೆ, ಮನೆಯಲ್ಲಿ ಕನ್ನಡ ಆಡುವ ಸಿಸ್ಟರ್ ಯಾರು ಅಂತ ವಿಚಾರಿಸಿ ಇದನ್ನು ಓದಿ ಹೇಳಿ. ಉದ್ದವಾಯಿತು ಅನ್ನಿಸಿದರೆ ಅವ್ವ ಹೇಳಿ ಬರೆಸಿದ ಇಷ್ಟನ್ನಾದರೂ ಹೇಳಿ: ಅವ್ವ ಈಗ ಅಕ್ಕಿ ಆರಿಸುತ್ತಿದ್ದಾಳೆ, ಕಲ್ಲು ಇನ್ನೂ ಬರುತ್ತಿದೆ.